ಉಮಾಬಾಯಿ ಕುಂದಾಪುರ: ಸೇವಾಜೀವನದ ಒಂದು ಅವಲೋಕನ

ಸ್ವಾತಂತ್ರ್ಯ ಚಳವಳಿಯ ಚರಿತ್ರೆಗಳಲ್ಲಿ ಉಮಾಬಾಯಿ ಕುಂದಾಪುರ ಅವರ ಹೆಸರು ಹೆಚ್ಚಾಗಿ ಡಾ. ನಾ. ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ಪ್ರಸ್ತಾಪದೊಡನೆಯೇ ಬಂದು ಅಲ್ಲಿಗೇ ನಿಲ್ಲುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಸಜ್ಜುಗೊಳಿಸಿದ್ದು ಸಣ್ಣ ಸಾಧನೆಯಲ್ಲ, ನಿಜ. ಆದರೆ ಅವರ ಸೇವೆಯ ತಿರುಳನ್ನು ಅರಸಬೇಕಾದುದು 1932ರ ಅನಂತರದಲ್ಲಿ ಎಂದು ತೋರುತ್ತದೆ.

1892ರಲ್ಲಿ ಮಂಗಳೂರಿನಲ್ಲಿ ಜನಿಸಿದ ಭವಾನಿ ಗೋಳಿಕೇರಿ, ಬಾಲ್ಯದಲ್ಲಿಯೇ ವಿವಾಹವಾಗಿ ಉಮಾಬಾಯಿಯಾದರು. ಓದಿಸಿದವರು ಮಾವ ಆನಂದರಾಯರು. 1923ರಲ್ಲಿ ಪತಿ ಸಂಜೀವರಾಯರು ಕ್ಷಯದಿಂದ ತೀರಿಕೊಂಡ ಬಳಿಕ ಮಾವನೊಡನೆ ಹುಬ್ಬಳ್ಳಿಗೆ ಬಂದು ನೆಲೆಸಿ, ಭಗಿನಿ ಮಂಡಲ ಮತ್ತು ತಿಲಕ ಕನ್ಯಾಶಾಲೆಗಳನ್ನು ನಡೆಸಿದರು. 1932ರಲ್ಲಿ ಯರವಡಾ ಸೆರೆಮನೆ. ಆ ಅವಧಿಯಲ್ಲಿಯೇ ಮಾವನ ಮರಣ. ಬಿಡುಗಡೆಯಾಗಿ ಬಂದಾಗ ಮುದ್ರಣಾಲಯ ಮುಟ್ಟುಗೋಲಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಮಂಡಲವು ಕಾನೂನುಬಾಹಿರವೆನಿಸಿತ್ತು. ಉಳಿದದ್ದು ಒಂದು ಚಿಕ್ಕ ಮನೆ. ಸೆರೆಯಿಂದ ಹೊರಬಂದು ಊರಿಗೆ ಮರಳಲು ಕೈಯಲ್ಲಿ ಕಾಸಿಲ್ಲದ, ಮರಳಿದರೂ ಮನೆಯವರು ಸೇರಿಸಿಕೊಳ್ಳದ ಸತ್ಯಾಗ್ರಹಿ ಸ್ತ್ರೀಯರಿಗೆ ಆ ಮನೆಯೇ ಆಶ್ರಯವಾಯಿತು. ಚಳವಳಿಯ ಈ ಮಗ್ಗುಲನ್ನು ನಮ್ಮ ಇತಿಹಾಸಕಾರರು ಸಾಕಷ್ಟು ಗಮನಿಸಿದಂತಿಲ್ಲ.

1934ರ ಬಿಹಾರ ಭೂಕಂಪದಲ್ಲಿ ಸ್ವಯಂಸೇವಕರೊಡನೆ ತೆರಳಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. 1946ರಲ್ಲಿ ಗಾಂಧೀಜಿಯವರು ಕಸ್ತೂರ್ಬಾ ಟ್ರಸ್ಟಿನ ಕರ್ನಾಟಕ ಶಾಖೆಯನ್ನು ಅವರಿಗೆ ವಹಿಸಿದರು. ಹಣದ ಕೊರತೆ ಬಿದ್ದಾಗ ಅವರು ಮನೆಮನೆಗೆ ಹೋಗಿ ಬೇಡಿದರು. ಸ್ವಾತಂತ್ರ್ಯಾನಂತರ ಬಂದ ಪದವಿ, ಪಿಂಚಣಿಗಳನ್ನು ಸ್ವೀಕರಿಸದೆ, 1992ರಲ್ಲಿ ಹುಬ್ಬಳ್ಳಿಯ ಅದೇ ಸರಳ ಬಾಳಿನಲ್ಲಿ ನಿಧನರಾದರು.