ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್

ಚಾರ್ಲ್ಸ್ ಪ್ರೋಟಿಯಸ್ ಸ್ಟೈನ್‌ಮೆಟ್ಸ್ (9 ಏಪ್ರಿಲ್ 1865 – 26 ಅಕ್ಟೋಬರ್ 1923) ಜರ್ಮನ್ ಮೂಲದ ಅಮೆರಿಕದ ಗಣಿತಜ್ಞ ಹಾಗೂ ವಿದ್ಯುತ್ ಎಂಜಿನಿಯರ್. ಪರ್ಯಾಯ ವಿದ್ಯುತ್ ಮಂಡಲಗಳ ಲೆಕ್ಕಾಚಾರದಲ್ಲಿ ಸಂಮಿಶ್ರ ಸಂಖ್ಯೆಗಳ ಬಳಕೆಯನ್ನು ರೂಢಿಗೆ ತಂದವರಲ್ಲಿ ಇವರು ಪ್ರಮುಖರು. ಸ್ವಿಚ್ ಹಾಕಿದಾಗ ಅಥವಾ ಸಿಡಿಲು ಬಡಿದಾಗ ಮಂಡಲದಲ್ಲಿ ಅಲ್ಪಕಾಲ ತಲೆದೋರುವ ಟ್ರಾನ್ಸಿಯೆಂಟ್ ಸ್ಥಿತಿಯನ್ನೂ ಇವರು ವಿಸ್ತಾರವಾಗಿ ಅಧ್ಯಯನ ಮಾಡಿದರು. ಇಂದಿನ ಇನ್ವರ್ಟರ್‌ಗಳ ವಿನ್ಯಾಸಕ್ಕೆ ಈ ಎರಡೂ ವಿಷಯಗಳು ಅಗತ್ಯ.

ಆರಂಭಿಕ ಜೀವನ

ಅಂದು ಪ್ರಷ್ಯಾದಲ್ಲಿದ್ದ, ಇಂದು ಪೋಲೆಂಡಿಗೆ ಸೇರಿರುವ ಬ್ರೆಸ್ಲಾವ್ ನಗರದಲ್ಲಿ ಜನಿಸಿದರು. ತಂದೆ ಮತ್ತು ತಾತನಂತೆ ಇವರಿಗೂ ಹುಟ್ಟಿನಿಂದಲೇ ಗೂನುಬೆನ್ನಿತ್ತು. ಎತ್ತರ ಸುಮಾರು 4 ಅಡಿ ಮಾತ್ರ. ಬ್ರೆಸ್ಲಾವ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿ ಕೈಗೆಟಕುವ ಹಂತದಲ್ಲಿದ್ದಾಗ, ಸಮಾಜವಾದಿ ಚಟುವಟಿಕೆಗಳಿಗಾಗಿ ಪೊಲೀಸರ ಕಣ್ಣಿಗೆ ಬಿದ್ದು 1888ರಲ್ಲಿ ಜ್ಯೂರಿಕ್‌ಗೆ ಪಲಾಯನ ಮಾಡಬೇಕಾಯಿತು. ಮರುವರ್ಷ ಅಮೆರಿಕಕ್ಕೆ ಹೋದಾಗ ಅಂಗವೈಕಲ್ಯದ ಕಾರಣ ವಲಸೆ ಅಧಿಕಾರಿಗಳು ಹಿಂದಕ್ಕೆ ಕಳುಹಿಸುವುದರಲ್ಲಿದ್ದರು. ಜೊತೆಗಿದ್ದ ಸ್ನೇಹಿತನ ನೆರವಿನಿಂದ ಪ್ರವೇಶ ದೊರೆಯಿತು. ಕಾರ್ಲ್ ಎಂಬ ಹೆಸರು ಅಲ್ಲಿ ಚಾರ್ಲ್ಸ್ ಆಯಿತು. ಪ್ರೋಟಿಯಸ್ ಎಂಬುದು ವಿದ್ಯಾರ್ಥಿ ದಿನಗಳ ಅಡ್ಡಹೆಸರು.

ಸಂಶೋಧನೆ

ನ್ಯೂಯಾರ್ಕ್ ರಾಜ್ಯದ ಯಾಂಕರ್ಸ್‌ನಲ್ಲಿ ರುಡಾಲ್ಫ್ ಐಕೆಮೇಯರ್ ಅವರ ಕಾರ್ಖಾನೆಯಲ್ಲಿದ್ದಾಗ, ಮೋಟಾರುಗಳ ಕಬ್ಬಿಣದಲ್ಲಿ ಹಿಸ್ಟರಿಸಿಸ್‌ನಿಂದಾಗುವ ಶಕ್ತಿನಷ್ಟವನ್ನು ಮೊದಲೇ ಲೆಕ್ಕಹಾಕುವ ನಿಯಮವನ್ನು ಕಂಡುಕೊಂಡು 1892ರಲ್ಲಿ ಮಂಡಿಸಿದರು. ಆ ಕಾರ್ಖಾನೆಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿ ಕೊಂಡುಕೊಂಡ ಬಳಿಕ ಅಲ್ಲಿಗೆ ಸೇರಿ, 1894ರಿಂದ ಸ್ಕೆನೆಕ್ಟಡಿಯಲ್ಲಿ ನೆಲೆಸಿದರು.

1893ರಲ್ಲಿ ಷಿಕಾಗೋ ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧವು ಪರ್ಯಾಯ ವಿದ್ಯುತ್ತಿನ ಅವಕಲ ಸಮೀಕರಣಗಳನ್ನು ಸರಳ ಬೀಜಗಣಿತಕ್ಕೆ ಇಳಿಸಿತು. ಆದರೆ ಎಲ್ಲವೂ ನೆಲೆಗೊಂಡ ಸ್ಥಿತಿಗೆ ಮಾತ್ರ ಆ ವಿಧಾನ ಅನ್ವಯಿಸುತ್ತದೆ. ಸುರುಳಿಯಲ್ಲೂ ಕೆಪಾಸಿಟರಿನಲ್ಲೂ ಸಂಗ್ರಹವಾದ ಶಕ್ತಿ ಒಮ್ಮೆಲೇ ಬದಲಾಗಲಾರದು. ಹಳೆಯ ಸ್ಥಿತಿಯಿಂದ ಹೊಸ ಸ್ಥಿತಿಗೆ ಸಾಗುವ ನಡುವಿನ ಕ್ಷಣಗಳಲ್ಲಿ ಪ್ರವಾಹವೂ ವೋಲ್ಟೇಜೂ ಮಿತಿಮೀರಿ ಏರಿ ಉಪಕರಣವನ್ನು ಸುಡಬಲ್ಲವು. ಇಳಕಲ್‌ನ ವಿದ್ಯುತ್ ಮಗ್ಗದ ಮೋಟಾರು ಚಾಲೂ ಆಗುವಾಗ ಸಾಮಾನ್ಯಕ್ಕಿಂತ 5–6 ಪಟ್ಟು ಪ್ರವಾಹವನ್ನು ಎಳೆದು ದೀಪಗಳನ್ನು ಮಂಕಾಗಿಸುವುದು ಇದರ ಪರಿಚಿತ ರೂಪ. ಈ ವಿಷಯದ ಕುರಿತ ಇವರ ಬೃಹತ್ ಗ್ರಂಥ 1909ರಲ್ಲಿ ಪ್ರಕಟವಾಯಿತು. 1922ರಲ್ಲಿ 1,20,000 ವೋಲ್ಟ್‌ಗಳ ಕೃತಕ ಸಿಡಿಲನ್ನು ಪ್ರಯೋಗಾಲಯದಲ್ಲೇ ಉಂಟುಮಾಡಿ ತೋರಿಸಿದರು. ಪತ್ರಿಕೆಗಳು ಕೊಂಡಾಡಿದ್ದು ಗ್ರಂಥವನ್ನಲ್ಲ, ಈ ಸಿಡಿಲನ್ನು.

ವೈಯಕ್ತಿಕ ಜೀವನ

ತಮ್ಮ ದೈಹಿಕ ನ್ಯೂನತೆ ಮುಂದಿನ ಪೀಳಿಗೆಗೆ ಹೋಗಬಾರದೆಂದು ಮದುವೆಯಾಗಲಿಲ್ಲ. ಸಹಾಯಕ ಜೋಸೆಫ್ ಹೇಡನ್ ಅವರನ್ನು ದತ್ತು ಪಡೆದು, ಅವರ ಪತ್ನಿ ಮತ್ತು ಮಕ್ಕಳೊಡನೆ ಒಂದೇ ಮನೆಯಲ್ಲಿ ಬಾಳಿದರು. ಯೂನಿಯನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಸಮಾಜವಾದವನ್ನು ಕೊನೆಯವರೆಗೂ ಬಿಡದೆ, ನಗರದ ಶಿಕ್ಷಣ ಮಂಡಳಿಯ ಅಧ್ಯಕ್ಷರಾಗಿಯೂ ದುಡಿದರು. 1923ರಲ್ಲಿ ಸ್ಕೆನೆಕ್ಟಡಿಯಲ್ಲಿ ನಿಧನರಾದರು.

ಇನ್ವರ್ಟರ್ ಮತ್ತು ಕರ್ನಾಟಕ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಪರ್ಯಾಯ ವಿದ್ಯುತ್ ಹರಿದಾಗ, ಅದರ ವಿದ್ಯುತ್ ಯಂತ್ರಗಳನ್ನು ಒದಗಿಸಿದ್ದು ಸ್ಟೈನ್‌ಮೆಟ್ಸ್ ದುಡಿಯುತ್ತಿದ್ದ ಕಂಪನಿಯೇ. ನೂರು ವರ್ಷಗಳ ನಂತರ ಅದೇ ಕೋಲಾರ ಜಿಲ್ಲೆಗೆ ಒಡಿಶಾದ ತಾಲ್ಚೇರ್‌ನಿಂದ 2000 ಮೆಗಾವಾಟ್ ಸಾಮರ್ಥ್ಯದ ನೇರ ವಿದ್ಯುತ್ ಮಾರ್ಗ ಬಂದಿತು. ಅಲ್ಲಿ ಥೈರಿಸ್ಟರ್‌ಗಳು ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುತ್ತವೆ.

ಪಾವಗಡದಂಥ ಸೌರ ಸ್ಥಾವರಗಳ ಇನ್ವರ್ಟರ್‌ಗಳು ಮತ್ತೊಂದು ಬಗೆಯವು. ಇವುಗಳಲ್ಲಿ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತವೆ. ಪ್ರತಿ ಸ್ಪಂದನದ ಅಗಲವನ್ನು ಹಿಗ್ಗಿಸಿ ಕುಗ್ಗಿಸಿ 50 ಹರ್ಟ್ಸ್ ತರಂಗವನ್ನು ರೂಪಿಸುವ ಈ ವಿಧಾನಕ್ಕೆ ಸ್ಪಂದನ ಅಗಲ ಮಾಡ್ಯುಲೇಶನ್ ಎಂದು ಹೆಸರು. ಬೇಕಾದ ತರಂಗದ ಪ್ರಮಾಣ ಹಾಗೂ ಹಂತವನ್ನು ಸಂಮಿಶ್ರ ಸಂಖ್ಯೆಗಳಿಂದ ಲೆಕ್ಕಹಾಕಲಾಗುತ್ತದೆ. ಹೊರೆ ಹಠಾತ್ತನೆ ಬದಲಾದಾಗ ಶೋಧಕದ ಸುರುಳಿ ಮತ್ತು ಕೆಪಾಸಿಟರ್‌ಗಳ ನಡುವೆ ಏಳುವ ತೂಗಾಟವನ್ನು ಅರಿಯಲು ಮಾತ್ರ ಟ್ರಾನ್ಸಿಯೆಂಟ್ ವಿಶ್ಲೇಷಣೆಯೇ ಬೇಕು.