ಮೈಸೂರು ಬಾಗಿಲು ತೆರೆದಾಗ ಬಂದ ವಾಸ್ತುಶಿಲ್ಪಿ

ರಾಮನಗರದ ಕೂಟಗಲ್ ಸುತ್ತಿನ ಬಂಡೆಗುಡ್ಡಗಳನ್ನು ನೋಡುತ್ತ ಬೆಳೆದ ನನ್ನಂಥವನಿಗೆ ಅಡಗುವುದೆಂದರೆ ಕಣ್ಣಾಮುಚ್ಚಾಲೆ. ಕಲ್ಲಿನ ಸಂದಿನಲ್ಲಿ ಅವಿತುಕೊಳ್ಳುವುದು, ಸಿಕ್ಕಿಬಿದ್ದರೆ ನಗುವುದು, ಕತ್ತಲಾಗುವ ಮುನ್ನ ಮನೆ ಸೇರುವುದು. ಸಿಕ್ಕಿಬಿದ್ದರೆ ಸಾವೇ ಗತಿ ಎಂಬಂಥ ಅಡಗುವಿಕೆಯೂ ಉಂಟೆಂದು ನನಗೆ ತಿಳಿದದ್ದು ಆನ್ ಫ್ರಾಂಕ್‌ಳ ದಿನಚರಿಯಿಂದ. ಹಿಟ್ಲರನ ಯುರೋಪಿನಲ್ಲಿ ಸಾವಿರಾರು ಯಹೂದಿ ಮಕ್ಕಳು, ತರುಣರು ಅಟ್ಟ, ನೆಲಮಾಳಿಗೆ, ಕೊಟ್ಟಿಗೆ, ಕ್ರೈಸ್ತ ಮಠಗಳಲ್ಲಿ ಅವಿತು ಜೀವ ಉಳಿಸಿಕೊಂಡರು. ಅನೇಕರಿಗೆ ಅದೂ ದಕ್ಕಲಿಲ್ಲ.

ಅಡಗುವ ಅಗತ್ಯವೇ ಬೀಳದಂತೆ ಪಾರಾದ ಒಬ್ಬ ಯಹೂದಿ ತರುಣನ ಬದುಕು ನಮ್ಮ ಬೆಂಗಳೂರಿನೊಂದಿಗೆ ಬೆಸೆದುಕೊಂಡಿದೆ. ಆತ ಒಟ್ಟೊ ಕೋನಿಗ್ಸ್‌ಬರ್ಗರ್. ಹುಟ್ಟಿದ್ದು 1908ರಲ್ಲಿ, ಬರ್ಲಿನ್‌ನಲ್ಲಿ. ತಂದೆ ವಾಸ್ತುಶಿಲ್ಪಿ, ತಾಯಿಯ ಅಣ್ಣ ವಿಖ್ಯಾತ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್. ಹಾನ್ಸ್ ಪೋಲ್ಜಿಗ್ ಅವರಂಥ ಗುರುವಿನ ಬಳಿ ವಾಸ್ತುಶಿಲ್ಪ ಕಲಿತ ಒಟ್ಟೊಗೆ 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಬಹುಮಾನ ದೊರೆಯಿತು. ಅದೇ ವರ್ಷ ನಾಜಿಗಳು ಅಧಿಕಾರ ಹಿಡಿದರು. ಯಹೂದಿ ಎಂಬ ಒಂದೇ ಕಾರಣಕ್ಕೆ ಆತ ಸರ್ಕಾರಿ ಕೆಲಸ ಕಳೆದುಕೊಂಡ.

ಇಪ್ಪತ್ತೈದರ ಆ ಯುವಕ ಈಜಿಪ್ಟಿಗೆ ಹೋದ. ಕೈರೋದಲ್ಲಿ ಪುರಾತತ್ವ ವಿದ್ವಾಂಸ ಲುಡ್ವಿಗ್ ಬೋರ್ಚರ್ಟ್ ಅವರ ಬಳಿ ದುಡಿಯುತ್ತಲೇ ಡಾಕ್ಟರೇಟ್ ಪ್ರಬಂಧ ಸಿದ್ಧಪಡಿಸಿದ. ಪ್ರಬಂಧದ ವಸು ಪ್ರಾಚೀನ ಈಜಿಪ್ಟಿನ ಬಾಗಿಲುಗಳ ರಚನೆ. ತನ್ನ ದೇಶದ ಬಾಗಿಲು ಮುಚ್ಚಿಹೋದವನಿಗೆ ಎಂಥ ವಿಷಯ ಒದಗಿತ್ತು!

ಆ ವೇಳೆಗೆ ಜಗತ್ತಿನ ಬಾಗಿಲುಗಳೂ ಮುಚ್ಚುತ್ತಿದ್ದವು. 1938ರ ಜುಲೈನಲ್ಲಿ ಫ್ರಾನ್ಸ್‌ನ ಎವಿಯಾನ್‌ನಲ್ಲಿ 32 ದೇಶಗಳ ಪ್ರತಿನಿಧಿಗಳು ನಿರಾಶ್ರಿತರ ಕುರಿತು ಸಭೆ ಸೇರಿ ಅನುಕಂಪ ತೋರಿದರು. ಹೆಚ್ಚಿನ ದೇಶಗಳು ಜಾಗ ಮಾತ್ರ ಕೊಡಲಿಲ್ಲ. ಇಂಥ ಹೊತ್ತಿನಲ್ಲಿ, 1939ರಲ್ಲಿ, ಮೈಸೂರು ಸಂಸ್ಥಾನ ಕೋನಿಗ್ಸ್‌ಬರ್ಗರ್ ಅವರನ್ನು ಸರ್ಕಾರದ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರು ಆಗ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಸೋದರಮಾವ ಬಾರ್ನ್ ಮೂರ್ನಾಲ್ಕು ವರ್ಷಗಳ ಹಿಂದಷ್ಟೇ ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿ ಹೋಗಿದ್ದರು.

ದಿವಾನರಿಗೆ ಗುಮ್ಮಟ, ಕಮಾನುಗಳ ಸೊಗಸು ಇಷ್ಟ. ಈ ಜರ್ಮನ್ ತರುಣನಿಗೆ ಬಿಸಿಲು, ಗಾಳಿ, ಮಳೆಯ ಲೆಕ್ಕಾಚಾರವೇ ಮುಖ್ಯ. ಈ ಎಳೆದಾಟದ ನಡುವೆಯೇ ಕಟ್ಟಡಗಳು ಎದ್ದವು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ನಾವು ಕರೆಯುವ ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗ ಅವರ ವಿನ್ಯಾಸಗಳು. ಬಿಸಿಲಿಗೆ ಮರೆ, ಗಾಳಿಗೆ ದಾರಿ ಎಂಬ ಸರಳ ಸೂತ್ರವನ್ನು ಅವರು ಪಳಗಿಸಿಕೊಂಡದ್ದು ನಮ್ಮ ನೆಲದಲ್ಲಿ.

ಅವರು ಬೆಂಗಳೂರಿನಲ್ಲಿ ನಕ್ಷೆ ಬರೆಯುತ್ತಿದ್ದ ವರ್ಷಗಳಲ್ಲೇ ಆಮ್‌ಸ್ಟರ್‌ಡ್ಯಾಂನಲ್ಲಿ ಇನ್ನೊಬ್ಬ ಒಟ್ಟೊ ಇದ್ದ, ಆನ್‌ಳ ತಂದೆ ಒಟ್ಟೊ ಫ್ರಾಂಕ್. ಆತನೂ 1933ರಲ್ಲೇ ಜರ್ಮನಿ ಬಿಟ್ಟವನು. ಅಮೆರಿಕದ ವೀಸಾಕ್ಕಾಗಿ ಮಾಡಿದ ಯತ್ನಗಳು ಕೈಗೂಡಲಿಲ್ಲ. 1942ರ ಜುಲೈನಲ್ಲಿ ಪುಸ್ತಕದ ಕಪಾಟಿನ ಹಿಂದಿನ ಮರೆಮನೆಗೆ ಹೊಕ್ಕ ಕುಟುಂಬ 1944ರ ಆಗಸ್ಟ್‌ನಲ್ಲಿ ಸಿಕ್ಕಿಬಿದ್ದಿತು. ಅಲ್ಲಿದ್ದ ಎಂಟು ಮಂದಿಯಲ್ಲಿ ಬದುಕುಳಿದವನು ಆತನೊಬ್ಬನೇ. ಆನ್ ಹದಿನೈದರ ಹರೆಯದಲ್ಲಿ, 1945ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಸತ್ತಳು. ಒಂದು ನೇಮಕಾತಿ ಪತ್ರ, ಒಂದು ವೀಸಾ: ಬದುಕು ಸಾವುಗಳ ನಡುವೆ ಇದ್ದದ್ದು ಇಷ್ಟೇ ಕಾಗದ.

ಮೈಸೂರಿನ ಔದಾರ್ಯವನ್ನು ಹೊಗಳಿ ಇಲ್ಲಿಗೇ ಮುಗಿಸುವುದು ಸುಲಭ. ಆದರೆ ಸಂಸ್ಥಾನ ಬಾಗಿಲು ತೆರೆದದ್ದು ಒಬ್ಬ ನುರಿತ ವಾಸ್ತುಶಿಲ್ಪಿಗೆ. ಅದಕ್ಕೆ ಅಂಥವನ ಅಗತ್ಯವಿತ್ತು. ಆನ್‌ಳಂಥ ಹುಡುಗಿಯ ಕೈಯಲ್ಲಿ ಯಾವ ಪದವಿಯಿತ್ತು? ಕೌಶಲವಿದ್ದವರನ್ನು ಬರಮಾಡಿಕೊಳ್ಳುವುದು ಜಾಣತನ. ಏನೂ ಇಲ್ಲದವರಿಗೆ ಜಾಗ ಕೊಡುವುದೇ ಔದಾರ್ಯ. ಈ ಎರಡನ್ನೂ ನಾವು ಇಂದಿಗೂ ಬೆರೆಸಿ ನೋಡುತ್ತೇವೆ.

ಕೋನಿಗ್ಸ್‌ಬರ್ಗರ್ ಈ ವ್ಯತ್ಯಾಸವನ್ನು ತಮ್ಮ ಕೆಲಸದಲ್ಲಿ ಎದುರಿಸಬೇಕಾಯಿತು. ದೇಶ ವಿಭಜನೆಯಾಗಿ ಲಕ್ಷಾಂತರ ಜನ ಬರಿಗೈಯಲ್ಲಿ ಗಡಿ ದಾಟಿ ಬಂದಾಗ, ನೆಹರೂ ಸರ್ಕಾರದ ವಸತಿ ನಿರ್ದೇಶಕರಾಗಿ 1948ರಿಂದ ದುಡಿದವರು ಅವರೇ. ಫರಿದಾಬಾದ್, ಗಾಂಧಿಧಾಮದಂಥ ನಿರಾಶ್ರಿತರ ಊರುಗಳ ಯೋಜನೆಯಲ್ಲಿ ತೊಡಗಿದರು. ಭುವನೇಶ್ವರದ ನಗರ ಯೋಜನೆಯನ್ನೂ ರೂಪಿಸಿದರು. ಎಲ್ಲವೂ ಫಲಿಸಲಿಲ್ಲ. ಕಾರ್ಖಾನೆಯಲ್ಲಿ ಮನೆಯ ಬಿಡಿಭಾಗಗಳನ್ನು ತಯಾರಿಸಿ ಬೇಗ ಜೋಡಿಸುವ ದೆಹಲಿಯ ಯೋಜನೆ ಸೋತು ಟೀಕೆಗೆ ಗುರಿಯಾಯಿತು. 1951ರಲ್ಲಿ ಅವರು ಲಂಡನ್ನಿಗೆ ತೆರಳಿದರು. ಅಲ್ಲಿ ಬಿಸಿನಾಡುಗಳ ವಾಸ್ತುಶಿಲ್ಪವನ್ನು ಹಲವು ದೇಶಗಳ ವಿದ್ಯಾರ್ಥಿಗಳಿಗೆ ಕಲಿಸಿ, 1999ರಲ್ಲಿ ತೊಂಬತ್ತು ತುಂಬಿದ ಮೇಲೆ ತೀರಿಕೊಂಡರು.

ತೊಂಬತ್ತು ವರ್ಷಗಳ ಆ ಬದುಕಿನಲ್ಲಿ ಎಷ್ಟು ಸೂರುಗಳು, ಎಷ್ಟು ಶಿಷ್ಯರು, ಎಷ್ಟು ಊರುಗಳು! ಹದಿನೈದಕ್ಕೇ ಮುಗಿದವರ ಲೆಕ್ಕವನ್ನು ಹೀಗೆ ಬರೆಯಲು ಬರುವುದಿಲ್ಲ. ಗಡಿಯಲ್ಲಿ ನಿಂತ ಮಗುವಿನ ಕಾಗದಗಳನ್ನು ತಿರುವಿಹಾಕುವ ಅಧಿಕಾರಿಗೂ, ಆ ಅಧಿಕಾರಿಯ ಹಿಂದಿರುವ ನಮಗೂ, ಮುಂದೆ ಅದು ಏನಾದೀತೆಂದು ತಿಳಿಯುವ ದಾರಿಯಿಲ್ಲ. ಆದ್ದರಿಂದಲೇ, ಏನಾಗಬಲ್ಲದು ಎಂದು ಕೇಳದೆ ಒಳಗೆ ಬಿಟ್ಟುಕೊಳ್ಳಬೇಕು ಎಂದು ನಾನು ನಂಬುತ್ತೇನೆ.