ಶಿಬಿರ ಕಲಿಸಿದ ಡಾಕ್ಟರು

ರವಿವಾರ ಬಂತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮಂದಿ ವಿಹಾರಕ್ಕೆ ದೂರದ ಊರು ಹುಡುಕಬೇಕಾಗಿಲ್ಲ. ಗೋಕಾಕ ಫಾಲ್ಸ್ ಇದೆ. ಹಿಡಕಲ್ ಡ್ಯಾಮಿದೆ. ಧೂಪದಾಳದಲ್ಲಿ ಕೆರೆಯಂತೆ ಹರಡಿ ನಿಂತ ಘಟಪ್ರಭೆಯ ಹಿನ್ನೀರಿದೆ. ಬುತ್ತಿ ಕಟ್ಟಿಕೊಂಡು ಹೋದರಾಯಿತು. 1974ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ಆ ದಂಡೆಗೆ ಚಳಿಗಾಲದಲ್ಲಿ ಹೊರದೇಶದ ಕೊಕ್ಕರೆಗಳೂ ಬರುತ್ತವೆ. ಹಕ್ಕಿ ಬಂದು ಹೋದ ಜಾಗದಲ್ಲಿ ಬಹಳವೆಂದರೆ ನಾಲ್ಕು ಗರಿ ಉಳಿದೀತು. ಮನುಷ್ಯ ಬಂದು ಹೋದ ಜಾಗದಲ್ಲಿ ಏನೇನು ಉಳಿಯುತ್ತದೆ ಎಂಬುದನ್ನು ಬೇರೆ ಹೇಳಬೇಕೇ?

ಅದೇ ಧೂಪದಾಳದ ಮಗ್ಗುಲಲ್ಲಿ ಘಟಪ್ರಭಾ ಊರು. ಬಯಲಲ್ಲಿ ಡೇರೆ ಹೊಡೆದು ಸಾವಿರಾರು ಜನ ಹೇಗೆ ಇರಬೇಕು, ಎದ್ದು ಹೋಗುವಾಗ ನೆಲವನ್ನು ಹೇಗೆ ಬಿಟ್ಟು ಹೋಗಬೇಕು ಎಂದು ದೇಶಕ್ಕೇ ಪಾಠ ಹೇಳಿದ ಮನುಷ್ಯನ ಹೆಸರು ಈ ಊರಿಗೆ ಅಂಟಿಕೊಂಡಿದೆ. ಅವರೇ ಡಾ. ನಾರಾಯಣ ಸುಬ್ಬರಾವ್ ಹರ್ಡೀಕರ. ರೈಲು ಹಿಡಿಯುವ ಅವಸರದಲ್ಲಿ ದಿನಾ ಆ ಊರನ್ನು ದಾಟುವ ಎಷ್ಟೋ ಜನರಿಗೆ ಇದು ಗೊತ್ತಿಲ್ಲ.

ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು, ಧಾರವಾಡ ಜಿಲ್ಲೆಯ ತಿರ್ಲಾಪುರದಲ್ಲಿ. ಟಿಳಕರ ಗಾಳಿ ಬೀಸುತ್ತಿದ್ದ ಕಾಲ. ಹುಡುಗ ಅದರಲ್ಲೇ ಬೆಳೆದ. ಕಲಕತ್ತೆಯಲ್ಲಿ ಡಾಕ್ಟರಕಿ ಓದಿ, ಮುಂದೆ ಅಮೇರಿಕೆಗೆ ಹೋಗಿ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಶಾಸ್ತ್ರ ಕಲಿತ. ಒಬ್ಬ ರೋಗಿಗೆ ಔಷಧ ಕೊಡುವ ವಿದ್ಯೆಯಲ್ಲ ಇದು. ಇಡೀ ಊರಿಗೆ ರೋಗ ಬಾರದಂತೆ ನೀರು, ಚರಂಡಿ, ಪಾಯಿಖಾನೆ ನೋಡಿಕೊಳ್ಳುವ ವಿದ್ಯೆ. ಅಲ್ಲಿದ್ದಾಗಲೇ ಲಾಲಾ ಲಜಪತರಾಯರ ಕೈಕೆಳಗೆ ಹೋಮ್ ರೂಲ್ ಲೀಗಿನ ಕೆಲಸವನ್ನೂ ಮಾಡಿದರು.

1921ರಲ್ಲಿ ತಾಯ್ನಾಡಿಗೆ ವಾಪಸು. ಕೈಯಲ್ಲಿ ಅಮೇರಿಕೆಯ ಡಿಗ್ರಿ. ಬೋರ್ಡು ಹಾಕಿ ದವಾಖಾನೆ ತೆರೆದಿದ್ದರೆ ದುಡ್ಡು ತಾನಾಗಿ ಬರುತ್ತಿತ್ತು. ಡಾಕ್ಟರರು ಹುಬ್ಬಳ್ಳಿಯಲ್ಲಿ ತರುಣರನ್ನು ಕೂಡಿಸಿ ಸೇವಾ ಮಂಡಳ ಕಟ್ಟಿದರು. 1923ರಲ್ಲಿ ನಾಗಪುರದಲ್ಲಿ ಝಂಡಾ ಸತ್ಯಾಗ್ರಹ ನಡೆಯಿತು. ಊರೂರುಗಳಿಂದ ಹೋದವರಲ್ಲಿ ಕೆಲವರು ಜೈಲಿನ ಕಷ್ಟ ತಾಳಲಾರದೆ ಕ್ಷಮೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ಹುಡುಗರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಉತ್ಸಾಹ ಬೇರೆ, ಶಿಸ್ತು ಬೇರೆ ಎಂಬುದು ದೊಡ್ಡ ಪುಢಾರಿಗಳಿಗೂ ಆಗ ಹೊಳೆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ಸಿನಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ ನೆಹರೂ ಅದರ ಮೊದಲ ಅಧ್ಯಕ್ಷರಾದರು. ಹಗಲಿರುಳು ದುಡಿಯುವ ಪಾಲು ಹರ್ಡೀಕರರದು.

ನಿಜವಾದ ಪರೀಕ್ಷೆ ಬಂದದ್ದು ನಮ್ಮ ಬೆಳಗಾವಿಯಲ್ಲೇ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು ಅದೊಂದೇ ಸಲ. ಹುದಲಿಯ ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ಟಿಳಕವಾಡಿಯ ಬಯಲಲ್ಲಿ ಡೇರೆಗಳ ಊರೇ ಎದ್ದಿತು. ಹೆಸರು ವಿಜಯನಗರ. ನೀರಿಗೆ ಬಾವಿ ತೋಡಿಸಿದರು. ಕಾಂಗ್ರೆಸ್ ಬಾವಿ ಎಂದು ಇಂದಿಗೂ ಜನ ಕರೆಯುವುದು ಅದನ್ನೇ.

ಕಾಲರಾ ಎಂದರೆ ಊರಿಗೆ ಊರೇ ಖಾಲಿಯಾಗುತ್ತಿದ್ದ ಕಾಲವದು. ಸಾವಿರಾರು ಜನ ಒಂದೇ ಕಡೆ ಉಂಡು, ಮಲಗಿ, ಬಹಿರ್ದೆಸೆಗೆ ಹೋಗುವಲ್ಲಿ ಸ್ವಲ್ಪ ತಪ್ಪಿದರೂ ಅಧಿವೇಶನ ಹೋಗಿ ಸ್ಮಶಾನವಾದೀತು. ಅಲ್ಲಿ ಸ್ವಯಂಸೇವಕರನ್ನು ಸಜ್ಜು ಮಾಡಿದವರು ಹರ್ಡೀಕರರು. ಸ್ವಚ್ಛತೆಯ ಹೊಣೆ ಹೊತ್ತವರು ಕಾಕಾ ಕಾಲೇಲ್ಕರರು. ಮನೆಯಲ್ಲಿ ಕಸಬರಿಗೆ ಮುಟ್ಟದ ಮೇಲ್ಜಾತಿಯ ಹುಡುಗರೂ ಪಾಯಿಖಾನೆ ಬಳಿಯಲು ನಿಂತರು. ಇದು ಆ ದಿನಗಳಲ್ಲಿ ಸಣ್ಣ ಮಾತಲ್ಲ. ಮನೆಗೆ ಹೋದ ಮೇಲೆ ಹಿರಿಯರ ಕಣ್ಣು ಎದುರಿಸಬೇಕಿತ್ತು.

ಆಮೇಲೆ ಎಲ್ಲವೂ ಸಲೀಸಾಗಿ ನಡೆಯಿತೇ? ಇಲ್ಲ. ಸೀಟಿ, ಕವಾಯತು, ಸಾಲು ನಡಿಗೆ ಇವೆಲ್ಲ ಪಲ್ಟಣಿನ ಚಾಳಿ, ಅಹಿಂಸೆಗೆ ಹೊಂದುವುದಿಲ್ಲ ಎಂದು ಕಾಂಗ್ರೆಸ್ಸಿನೊಳಗೇ ತಕರಾರು ಎದ್ದಿತು. ಅಹಿಂಸೆಗೇ ಹೆಚ್ಚು ಶಿಸ್ತು ಬೇಕು, ಗುಂಪು ಚದುರಿದರೆ ಮೊದಲು ಕಲ್ಲು ಹಾರುತ್ತದೆ ಎಂಬುದು ಡಾಕ್ಟರರ ನಿಲುವು. ಘಟಪ್ರಭೆಯ ದಂಡೆಯದೇ ಊರಾದ ಬಾಗಲಕೋಟೆಯಲ್ಲಿ ತರಬೇತಿ ಶಾಲೆ ನಡೆಯಿತು. 1931ರಲ್ಲಿ ದಳ ಕಾಂಗ್ರೆಸ್ಸಿನ ಅಧಿಕೃತ ಅಂಗವಾಯಿತು. ಮರುವರ್ಷ ಬ್ರಿಟಿಷ್ ಸರಕಾರ ಅದಕ್ಕೆ ಬೀಗ ಜಡಿಯಿತು. 1934ರಲ್ಲಿ ಕಾಂಗ್ರೆಸ್ ಮೇಲಿನ ನಿಷೇಧ ತೆಗೆದಾಗಲೂ ದಳದ ಮೇಲಿನದನ್ನು ತೆಗೆಯಲಿಲ್ಲ. ಭಾಷಣಕ್ಕಿಂತ ಸಾಲು ಹಿಡಿದು ನಿಂತ ಜನರಿಗೇ ಸರಕಾರ ಹೆಚ್ಚು ಅಂಜಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ಆದರೆ ಡಾಕ್ಟರರ ಜೀವವೆಲ್ಲ ಎರಡು ಕಡೆ. ಒಂದು, ಶಾಲೆಯ ಮಕ್ಕಳ ಭಾರತ ಸೇವಾದಳ. ಈಗ ಅಂಗಡಿ ಗಲ್ಲೆಯ ಮೇಲೆ ಕೂತಿರುವ ಎಷ್ಟೋ ಮಂದಿಗೆ, ಸೀಟಿ ಊದಿದ ಕೂಡಲೇ ಶಾಲೆಯ ಬಯಲಲ್ಲಿ ಸಾಲು ಹಿಡಿದು ನಿಂತ ನೆನಪು ಇದ್ದೀತು. ಇನ್ನೊಂದು, ಘಟಪ್ರಭಾದಲ್ಲಿ 1929ರಲ್ಲಿ ಆರಂಭವಾದ ಕರ್ನಾಟಕ ಆರೋಗ್ಯಧಾಮ. ಬಡ ರೋಗಿಗಳ ಆಸರೆಯಾದ ಈ ಸಂಸ್ಥೆಯನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. ಸೇವಾದಳದ ತರಬೇತಿ ಕೇಂದ್ರವೂ ಇದೇ ಊರಿಗೆ ಬಂತು. 1975ರಲ್ಲಿ ಹರ್ಡೀಕರರು ತೀರಿಕೊಂಡರು. 1989ರಲ್ಲಿ, ಹುಟ್ಟಿ ನೂರು ವರ್ಷ ತುಂಬಿದಾಗ, ಅಂಚೆ ಇಲಾಖೆ ಅವರ ಚಿತ್ರದ ಸ್ಟ್ಯಾಂಪು ತಂದಿತು.

ಸ್ಟ್ಯಾಂಪು ಆಲ್ಬಮ್ಮಿನಲ್ಲಿ ಉಳಿಯಿತು. ಪಾಠ? ಅದು ಉಳಿಯಬೇಕಾದದ್ದು ಧೂಪದಾಳದ ದಂಡೆಯಲ್ಲಿ, ಫಾಲ್ಸಿನ ಬಂಡೆಗಳ ಮೇಲೆ, ಹಿಡಕಲ್ಲಿನ ಹಿನ್ನೀರಿನ ಬದಿಗೆ. ಇದೇ ಘಟಪ್ರಭೆಯ ನೀರು ಮುಂದಿನ ಊರಿನವರ ಕೊಡಕ್ಕೂ ಹೋಗುತ್ತದೆ. ಊಟ ಮುಗಿದ ಮೇಲೆ ಎಲೆ, ಬಾಟಲಿ, ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಸ್ಸು ಹತ್ತಲು ಅಮೇರಿಕೆಯ ಡಿಗ್ರಿ ಬೇಕಾಗಿಲ್ಲ. ನೂರು ವರ್ಷಗಳ ಹಿಂದೆ ಬೆಳಗಾವಿಯ ಹುಡುಗರು ಪರರ ಹೊಲಸು ಎತ್ತಿದರು. ಈಗ ನಮ್ಮ ಹೊಲಸನ್ನು ನಾವು ಎತ್ತಿದರೆ ಸಾಕು. ಬರುವ ರವಿವಾರ ಬುತ್ತಿಯ ಜೊತೆಗೆ ಒಂದು ಖಾಲಿ ಚೀಲವೂ ಇರಲಿ.